ದುಡ್ಡು ಕೊಡುವ ಮೊದಲು ಆ ಕೆಂಪು ತಗಡನ್ನು ನೋಡಿ

ಸಂಪಾದಕರಿಗೆ ನಮಸ್ಕಾರ.

ನಾನು ತೀರ್ಥಹಳ್ಳಿ ಕಡೆಯವಳು. ಅಮೆರಿಕಕ್ಕೆ ಬಂದು ಇಪ್ಪತ್ತೆರಡು ವರ್ಷವಾಯಿತು. ಈಗ ಫ್ಲೋರಿಡಾದ ಪೋಕ್ ಕೌಂಟಿಯಲ್ಲಿ ಇದ್ದೇವೆ. ನಿಮ್ಮ ಪತ್ರಿಕೆಯನ್ನು ದಿನಾ ಬೆಳಿಗ್ಗೆ ಕಾಫಿ ಕುಡಿಯುತ್ತಾ ಫೋನಿನಲ್ಲಿ ಓದುತ್ತೇನೆ. ಊರಲ್ಲಿ ಮಳೆ ಎಷ್ಟಾಯಿತು, ಅಡಿಕೆ ಧಾರಣೆ ಏನಾಯಿತು ಅಂತ ಮೊದಲು ನೋಡುತ್ತೇನೆ, ಉಳಿದದ್ದೆಲ್ಲ ಆಮೇಲೆ. ಇಷ್ಟು ವರ್ಷದಲ್ಲಿ ಒಂದು ಪತ್ರವನ್ನೂ ಬರೆದವಳಲ್ಲ. ಈಗ ಬರೆಯುತ್ತಿರುವುದು ನನ್ನ ತಂಗಿಯ ಮಗನ ಕಾರಣಕ್ಕೆ, ಅವನು ಕೊಂಡ ಹಳೇ ಮೊಬೈಲ್ ಹೋಮಿನ ವಿಮೆಯ ವಿಷಯಕ್ಕೆ.

ಹುಡುಗ ಎರಡು ವರ್ಷದ ಹಿಂದೆ ಓದು ಮುಗಿಸಿ ಒಕಾಲಾ ಊರಿನ ಹತ್ತಿರ ಕೆಲಸಕ್ಕೆ ಸೇರಿದ. ಇಲ್ಲಿ ಬಾಡಿಗೆ ಸಿಕ್ಕಾಪಟ್ಟೆ ಜಾಸ್ತಿ. ಸಂಬಳದ ಅರ್ಧ ಬಾಡಿಗೆಗೇ ಹೋಗುತ್ತದೆ ಅಂತ ಯಾವಾಗಲೂ ಹೇಳುತ್ತಿದ್ದ. ಒಂದು ದಿನ ಫೋನ್ ಮಾಡಿ, 'ದೊಡ್ಡಮ್ಮ, ಮನೆ ತಗೊಂಡೆ, ಇಪ್ಪತ್ತೆಂಟು ಸಾವಿರ ಡಾಲರ್, ಸಾಲ ಇಲ್ಲ, ಪೂರ್ತಿ ಕೊಟ್ಟುಬಿಟ್ಟೆ' ಅಂದ. ತಂಗಿ ಶಿವಮೊಗ್ಗದಲ್ಲಿ ಸಿಹಿ ಹಂಚಿಯೂ ಆಗಿತ್ತು. ಮಗ ಅಮೆರಿಕದಲ್ಲಿ ಸ್ವಂತ ಮನೆ ಮಾಡಿದ ಅಂದರೆ ಯಾವ ತಾಯಿಗೆ ಖುಷಿ ಆಗುವುದಿಲ್ಲ ಹೇಳಿ. ನಾನು ಕೇಳಿದ್ದು ಒಂದೇ ಮಾತು: 'ಯಾವ ಇಸವಿಯ ಮನೆ?' ಅವನಿಗೆ ಗೊತ್ತಿರಲಿಲ್ಲ. 'ಹಳೇದು, ಆದರೆ ಒಳಗೆಲ್ಲ ಹೊಸದಾಗಿ ಪೇಂಟ್ ಮಾಡಿದ್ದಾರೆ' ಅಂದ. ಆಮೇಲೆ ಕಾಗದ ತೆಗೆದು ನೋಡಿದರೆ 1974.

ಆವತ್ತಿನಿಂದ ನಾಲ್ಕು ತಿಂಗಳಾಯಿತು, ಆ ಮನೆಗೆ ಸರಿಯಾದ ಒಂದು ವಿಮೆ ಸಿಕ್ಕಿಲ್ಲ.

ಊರಿನಲ್ಲಿರುವವರಿಗೆ ಮೊದಲು ಇದೇನು ಮನೆ ಅಂತ ಹೇಳಬೇಕು. ಮೊಬೈಲ್ ಹೋಮ್ ಅಂದರೆ ಓಡಾಡುವ ಮನೆ ಅಲ್ಲ. ಪ್ರವಾಸಕ್ಕೆ ಹೋಗುವ ಕ್ಯಾರವಾನ್ ಕೂಡ ಅಲ್ಲ. ಕಾರ್ಖಾನೆಯಲ್ಲಿ ಉಕ್ಕಿನ ಚೌಕಟ್ಟಿನ ಮೇಲೆ ಇಡೀ ಮನೆಯನ್ನು ಕಟ್ಟುತ್ತಾರೆ, ಚಕ್ರ ಹಾಕಿ ಲಾರಿಗೆ ಕಟ್ಟಿ ಎಳೆದು ತರುತ್ತಾರೆ, ಜಾಗದಲ್ಲಿ ಕಾಂಕ್ರೀಟ್ ಬ್ಲಾಕುಗಳ ಮೇಲೆ ಕೂರಿಸಿ, ನೆಲಕ್ಕೆ ಆಂಕರ್ ಅನ್ನುವ ಕಬ್ಬಿಣದ ಗೂಟ ಹೊಡೆದು, ಉಕ್ಕಿನ ಪಟ್ಟಿಯಿಂದ ಬಿಗಿಯುತ್ತಾರೆ. ಆಮೇಲೆ ಅದು ಅಲ್ಲೇ ಇರುತ್ತದೆ, ಮೂವತ್ತು ನಲವತ್ತು ವರ್ಷ. ಒಂದೇ ತುಂಡಿನದು ಸಿಂಗಲ್ ವೈಡ್. ಎರಡು ತುಂಡು ತಂದು ಮಧ್ಯದಲ್ಲಿ ಜೋಡಿಸಿದರೆ ಡಬಲ್ ವೈಡ್. ನಮ್ಮದು ಡಬಲ್ ವೈಡ್, 1984ರದು. ಎರಡು ಕೋಣೆ, ಹಾಲ್, ಅಡುಗೆಮನೆ, ಮುಂದೆ ಒಂದು ಜಗಲಿ ತರಹ. ಮನೆ ನಮ್ಮದು, ನೆಲ ಪಾರ್ಕಿನವರದು, ಅಂದರೆ ಇಂಥ ಮನೆಗಳನ್ನು ಇಡಲು ಜಾಗ ಬಾಡಿಗೆಗೆ ಕೊಡುವವರದು. ತಿಂಗಳಿಗೆ ನೆಲದ ಬಾಡಿಗೆ ಕೊಡುತ್ತೇವೆ. ಫ್ಲೋರಿಡಾದಲ್ಲಿ ಬಾಡಿಗೆ ನೆಲದ ಮೇಲಿರುವ ಇಂಥ ಮನೆಗೆ ಕಾರಿಗೆ ಕೊಟ್ಟ ಹಾಗೆ ಟೈಟಲ್, ಅಂದರೆ ಒಡೆತನದ ಕಾಗದ ಕೊಡುತ್ತಾರೆ, ವರ್ಷಾ ವರ್ಷಾ ಸ್ಟಿಕ್ಕರ್ ತಂದು ಕಿಟಕಿಗೆ ಅಂಟಿಸಬೇಕು. ಡಬಲ್ ವೈಡ್ ಆದರೆ ಎರಡು ತುಂಡಿಗೆ ಎರಡು ಟೈಟಲ್. ಕೊಳ್ಳುವಾಗ ಎರಡೂ ಕೈಗೆ ಬಂದವೋ ಇಲ್ಲವೋ ನೋಡಬೇಕು. ಒಂದೇ ಕೊಟ್ಟು ಕಳಿಸಿದವರ ಕಥೆ ನಮ್ಮ ಪಾರ್ಕಿನಲ್ಲೇ ಇದೆ.

ಇವು ಬಡವರ ಮನೆ ಅಂತ ಮೂಗು ಮುರಿಯುವವರು ನಮ್ಮವರಲ್ಲೂ ಇದ್ದಾರೆ. ನನಗೆ ಆ ಮಾತು ಹಿಡಿಸುವುದಿಲ್ಲ. ನಮ್ಮ ಪಾರ್ಕಿನಲ್ಲಿ ನಿವೃತ್ತ ಶಾಲಾ ಶಿಕ್ಷಕಿ ಇದ್ದಾರೆ, ಬಸ್ ಓಡಿಸುವವರಿದ್ದಾರೆ, ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮಾಡುವವರಿದ್ದಾರೆ. ದುಡಿದ ದುಡ್ಡಿನಲ್ಲಿ ತಲೆ ಮೇಲೊಂದು ಸೂರು ಬೇಕು ಅಂದವರ ಮನೆಗಳು ಇವು. ಅದಕ್ಕೇ ಇವುಗಳ ವಿಮೆಯ ವಿಷಯ ನನಗೆ ಇಷ್ಟು ಮುಖ್ಯ. ದೊಡ್ಡ ಮನೆಯವನ ಮಾಡು ಹಾರಿದರೆ ಅವನಿಗೆ ಇನ್ನೊಂದು ದಾರಿ ಇರುತ್ತದೆ. ಇಲ್ಲಿರುವವರಿಗೆ ಇರುವುದೆಲ್ಲ ಇದೇ.

ಈಗ ಇಸವಿಯ ವಿಷಯಕ್ಕೆ ಬರುತ್ತೇನೆ. ಹಳೇ ಮೊಬೈಲ್ ಹೋಮ್ ಕೊಳ್ಳುವವರು ಒಂದು ತಾರೀಖನ್ನು ನೆನಪಿಟ್ಟುಕೊಳ್ಳಬೇಕು, 1976ರ ಜೂನ್ 15. ಅದಕ್ಕಿಂತ ಮೊದಲು ಈ ಮನೆಗಳನ್ನು ಹೀಗೇ ಕಟ್ಟಬೇಕು ಅಂತ ಇಡೀ ದೇಶಕ್ಕೆ ಒಂದು ಕಾನೂನು ಇರಲಿಲ್ಲ. ಒಬ್ಬೊಬ್ಬ ತಯಾರಕ ಒಂದೊಂದು ತರಹ ಮಾಡುತ್ತಿದ್ದ. ಗೋಡೆಗೆ ತೆಳ್ಳಗಿನ ಮರದ ಹಲಗೆ, ಕೆಲವದರಲ್ಲಿ ಅಲ್ಯುಮಿನಿಯಂ ವೈರಿಂಗ್. ಬೆಂಕಿ ಹತ್ತಿಕೊಂಡರೆ ಹೊರಗೆ ಓಡಲೂ ಸಮಯ ಸಿಗುತ್ತಿರಲಿಲ್ಲ. 1974ರಲ್ಲಿ ಅಮೆರಿಕದ ಸಂಸತ್ತು ಕಾನೂನು ಮಾಡಿತು, ವಸತಿ ಇಲಾಖೆ ನಿಯಮ ಬರೆಯಿತು, ಅದು ಜಾರಿಗೆ ಬಂದದ್ದು ಈ 1976ರ ಜೂನ್ 15ಕ್ಕೆ. ಆ ಇಲಾಖೆಗೆ ಇಲ್ಲಿ ಎಲ್ಲರೂ ಹಡ್ ಅನ್ನುತ್ತಾರೆ, ನಿಯಮಕ್ಕೆ ಹಡ್ ಕೋಡ್. ಅಲ್ಲಿಂದ ಮುಂದೆ ತಯಾರಾದ ಪ್ರತಿ ತುಂಡಿಗೂ ಹೊರಗೋಡೆಯ ಹಿಂಬದಿಯ ಮೂಲೆಯಲ್ಲಿ ಒಂದು ಸಣ್ಣ ಕೆಂಪು ತಗಡಿನ ಪಟ್ಟಿ ಹೊಡೆದಿರುತ್ತಾರೆ, ಅದರ ಮೇಲೆ ನಂಬರ್ ಇರುತ್ತದೆ. ಮನೆಯ ಒಳಗೆ ಇನ್ನೊಂದು ಕಾಗದ ಅಂಟಿಸಿರುತ್ತಾರೆ. ಅದು ಅಡುಗೆಮನೆಯ ಕಪಾಟಿನ ಒಳಬದಿಯಲ್ಲೋ, ಕರೆಂಟ್ ಬೋರ್ಡಿನ ಹತ್ತಿರವೋ, ಮಲಗುವ ಕೋಣೆಯ ಬೀರುವಿನಲ್ಲೋ ಇರುತ್ತದೆ. ಎಲ್ಲಿ ತಯಾರಾಯಿತು, ಯಾವತ್ತು, ಎಷ್ಟು ಗಾಳಿ ತಡೆಯುವಂತೆ ಕಟ್ಟಿದ್ದು ಅಂತೆಲ್ಲ ಅದರಲ್ಲಿ ಬರೆದಿರುತ್ತದೆ.

ವಿಮೆ ಕಂಪನಿಗೆ ಫೋನ್ ಮಾಡಿದರೆ ಅವರು ಮೊದಲು ಕೇಳುವ ಎರಡು ಮೂರು ಪ್ರಶ್ನೆಯಲ್ಲಿ ಇಸವಿಯೂ ಒಂದು. 1976ಕ್ಕಿಂತ ಹಳೆಯದು ಅಂದ ಕೂಡಲೇ ಎಷ್ಟೋ ಕಂಪನಿಯವರು ಅಲ್ಲೇ ಮಾತು ಮುಗಿಸುತ್ತಾರೆ. ನಮ್ಮ ಹುಡುಗನಿಗೆ ಆದದ್ದು ಅದೇ. ಮಾರಿದವನು 'ಇನ್ಶೂರೆನ್ಸ್ ಏನೂ ತೊಂದರೆ ಇಲ್ಲ, ಎಲ್ಲರೂ ಕೊಡುತ್ತಾರೆ' ಅಂದಿದ್ದನಂತೆ. ಮಾರುವವನು ಹಾಗೇ ಹೇಳುತ್ತಾನೆ. ಇಪ್ಪತ್ತೆಂಟು ಸಾವಿರಕ್ಕೆ ಸಿಕ್ಕಿದ್ದು ಯಾಕೆ ಅಂತ ಆಗಲೇ ಕೇಳಬೇಕಿತ್ತು.

ಎರಡನೇ ಇಸವಿ 1994. ಫ್ಲೋರಿಡಾದಲ್ಲಿ ಇರುವವರಿಗೆ ಇದು ಅಷ್ಟೇ ಮುಖ್ಯ. 1992ರ ಆಗಸ್ಟ್ 24ರಂದು ಆಂಡ್ರ್ಯೂ ಚಂಡಮಾರುತ ಮಯಾಮಿಯ ದಕ್ಷಿಣಕ್ಕೆ, ಹೋಮ್‌ಸ್ಟೆಡ್ ಊರಿನ ಕಡೆ ಅಪ್ಪಳಿಸಿತು. ಆ ಭಾಗದ ಮೊಬೈಲ್ ಹೋಮುಗಳಲ್ಲಿ ಉಳಿದದ್ದೇ ಕಡಿಮೆ, ಪಾರ್ಕಿಗೆ ಪಾರ್ಕೇ ನೆಲಸಮ ಆದವು. ಅದಾದ ಮೇಲೆ ನಿಯಮ ಬಿಗಿ ಮಾಡಿದರು. 1994ರ ಜುಲೈಯಿಂದ ದೇಶವನ್ನು ಗಾಳಿಯ ಲೆಕ್ಕದಲ್ಲಿ ಮೂರು ವಲಯ ಮಾಡಿ, ಚಂಡಮಾರುತ ಬರುವ ಕಡೆ ಹೋಗುವ ಮನೆಗಳನ್ನು ಜಾಸ್ತಿ ಗಟ್ಟಿಯಾಗಿ ಕಟ್ಟಬೇಕು ಅಂತ ಮಾಡಿದರು. 2004ರಲ್ಲಿ ಚಾರ್ಲಿ ಚಂಡಮಾರುತ ಬಂದಾಗ ಹೊಸ ನಿಯಮದ ಮನೆಗಳು ಹಳೆಯವಕ್ಕಿಂತ ಎಷ್ಟೋ ಚೆನ್ನಾಗಿ ತಡೆದುಕೊಂಡವು. ಹಾಗಾಗಿ 1994ರ ನಂತರದ ಮನೆಗೆ ವಿಮೆ ಸಿಗುವುದೂ ಸುಲಭ, ಪ್ರೀಮಿಯಂ ಕೂಡ ಕಡಿಮೆ. ನಮ್ಮಂಥ 1984ರವರು ನಡುವೆ ಸಿಕ್ಕಿಕೊಂಡವರು. ಕೊಡುವುದೇ ಇಲ್ಲ ಅನ್ನುವುದಿಲ್ಲ, ಆದರೆ ಸತಾಯಿಸುತ್ತಾರೆ.

ನಮ್ಮ ಅನುಭವ ಹೇಳುತ್ತೇನೆ. 2016ರಲ್ಲಿ ಮನೆ ಕೊಂಡೆವು. ಆಗ ಏಜೆಂಟ್ ಒಬ್ಬರು ಹತ್ತು ನಿಮಿಷದಲ್ಲಿ ಪಾಲಿಸಿ ಮಾಡಿಕೊಟ್ಟರು, ನಾವು ಓದದೆ ಸಹಿ ಹಾಕಿದೆವು. ಮುಂದಿನ ವರ್ಷ ಸೆಪ್ಟೆಂಬರಿನಲ್ಲಿ ಇರ್ಮಾ ಚಂಡಮಾರುತ ಬಂತು. ನಾವು ಶಾಲೆಯೊಂದರ ಆಶ್ರಯ ಕೇಂದ್ರದಲ್ಲಿ ಎರಡು ರಾತ್ರಿ ಇದ್ದೆವು. ಚಂಡಮಾರುತ ಬರುವಾಗ ಮೊಬೈಲ್ ಹೋಮಿನವರು ಎಲ್ಲೇ ಇದ್ದರೂ ಮನೆ ಬಿಡಲೇಬೇಕು ಅಂತ ಕೌಂಟಿಯವರು, ಅಂದರೆ ಇಲ್ಲಿನ ಜಿಲ್ಲಾಡಳಿತದವರು, ಹೇಳುತ್ತಾರೆ, ಅದನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು. ವಾಪಸ್ ಬಂದು ನೋಡಿದರೆ ಮನೆ ನಿಂತಿತ್ತು. ದೇವರು ದೊಡ್ಡವನು. ಆದರೆ ಕಾರು ನಿಲ್ಲಿಸುವ ಅಲ್ಯುಮಿನಿಯಂ ಚಪ್ಪರ ಕಿತ್ತುಕೊಂಡು ಹೋಗಿ ಪಕ್ಕದ ಮನೆಯ ಗೋಡೆಗೆ ಒರಗಿತ್ತು. ಅದು ಹೋಗುವಾಗ ನಮ್ಮ ಮಾಡಿನ ಅಂಚನ್ನೂ ಎತ್ತಿತ್ತು. ಕ್ಲೇಮು ಹಾಕಿದೆವು. ಚಪ್ಪರಕ್ಕೆ ಒಂದು ಪೈಸೆ ಬರಲಿಲ್ಲ, ಯಾಕೆಂದರೆ ಚಂಡಮಾರುತದಲ್ಲಿ ಹಾಳಾಗುವ ಚಪ್ಪರ, ಬಲೆ ಹಾಕಿದ ಜಗಲಿ ಇಂಥದ್ದೆಲ್ಲ ನಮ್ಮ ಪಾಲಿಸಿಯಲ್ಲಿ ಇರಲೇ ಇಲ್ಲ. ಮಾಡಿಗೆ ಬಂದದ್ದು ರಿಪೇರಿ ಖರ್ಚಿನ ಕಾಲು ಭಾಗವೂ ಅಲ್ಲ.

ಯಾಕೆ ಅಂತ ಆಗ ಕೂತು ಓದಿದೆ. ಓದಿದ್ದನ್ನು ಹೇಳುತ್ತೇನೆ, ಯಾರಿಗಾದರೂ ಉಪಯೋಗ ಆದೀತು.

ಪಾಲಿಸಿಯಲ್ಲಿ ನಷ್ಟವನ್ನು ಲೆಕ್ಕ ಹಾಕುವ ರೀತಿ ಬೇರೆ ಬೇರೆ ಇದೆ. ಒಂದು ರಿಪ್ಲೇಸ್‌ಮೆಂಟ್ ಕಾಸ್ಟ್. ಅಂದರೆ ಹಾಳಾದದ್ದನ್ನು ಇವತ್ತಿನ ಬೆಲೆಯಲ್ಲಿ ಹೊಸದಾಗಿ ಮಾಡಿಸಲು ಎಷ್ಟಾಗುತ್ತದೋ ಅಷ್ಟು. ಇನ್ನೊಂದು ಆಕ್ಚುವಲ್ ಕ್ಯಾಶ್ ವ್ಯಾಲ್ಯೂ. ಇದರಲ್ಲಿ ಸವಕಳಿ ಕಳೆಯುತ್ತಾರೆ. ಇಪ್ಪತ್ತು ವರ್ಷ ಬಾಳುವ ಮಾಡಿಗೆ ಹದಿನೈದು ವರ್ಷ ಆಗಿದ್ದರೆ, ಮುಕ್ಕಾಲು ಭಾಗ ಸವೆದಿದೆ ಅಂತ ಅಷ್ಟನ್ನೂ ಕಳೆದು ಉಳಿದದ್ದನ್ನು ಕೊಡುತ್ತಾರೆ. ಹೊಸ ಮಾಡು ಮಾತ್ರ ಪೂರ್ತಿ ಬೆಲೆಗೇ ಬರುವುದು. ಮೂರನೆಯದು ಸ್ಟೇಟೆಡ್ ಅಮೌಂಟ್, ಪಾಲಿಸಿಯಲ್ಲಿ ಬರೆದ ಮೊತ್ತವೇ ಮಿತಿ. ಹಳೇ ಮೊಬೈಲ್ ಹೋಮಿಗೆ ಬಹಳ ಸಲ ಸಿಗುವುದು ಸವಕಳಿ ಕಳೆಯುವ ಪಾಲಿಸಿಯೇ. ಪ್ರೀಮಿಯಂ ಕಡಿಮೆ ಕಾಣುತ್ತದೆ, ಅದಕ್ಕೇ ಜನ ಅದನ್ನೇ ಆರಿಸುತ್ತಾರೆ. ಏಜೆಂಟಿಗೆ ಬಾಯಿ ಬಿಟ್ಟು ಕೇಳಿ: ನನ್ನ ಮನೆ ಪೂರ್ತಿ ಹೋದರೆ ಕೈಗೆ ಎಷ್ಟು ಬರುತ್ತದೆ? ಮಾಡು ಮಾತ್ರ ಹೋದರೆ ಎಷ್ಟು ಬರುತ್ತದೆ? ಉತ್ತರವನ್ನು ಇಮೇಲಿನಲ್ಲಿ ಬರೆಸಿಕೊಳ್ಳಿ.

ಅದರ ಮೇಲೆ ಡಿಡಕ್ಟಿಬಲ್. ಅಂದರೆ ಮೊದಲ ಇಷ್ಟು ದುಡ್ಡು ನಮ್ಮ ಕೈಯಿಂದ. ಬೆಂಕಿಗೋ ಕಳ್ಳತನಕ್ಕೋ ಆದರೆ ಐನೂರು, ಸಾವಿರ ಡಾಲರ್ ಅಂತ ಇರುತ್ತದೆ. ಚಂಡಮಾರುತಕ್ಕೆ ಹಾಗಲ್ಲ, ಅಲ್ಲಿ ಸಾಮಾನ್ಯವಾಗಿ ಶೇಕಡಾ ಲೆಕ್ಕ. ನಮ್ಮ ಮನೆಗೆ 60,000 ಡಾಲರ್ ವಿಮೆ, ಚಂಡಮಾರುತದ ಡಿಡಕ್ಟಿಬಲ್ ಶೇಕಡಾ 10. ಹಾಗಾದರೆ ಮೊದಲ 6,000 ಡಾಲರ್ ನಮ್ಮದೇ. ಇರ್ಮಾದಲ್ಲಿ ಸವಕಳಿ ಕಳೆದು, ಇದನ್ನೂ ಕಳೆದ ಮೇಲೆ ಏನು ಉಳಿದೀತು ನೀವೇ ಹೇಳಿ.

ಇನ್ನು ನೀರಿನ ವಿಷಯ. ಇದು ಊರಿನವರಿಗೆ ನಂಬಲು ಕಷ್ಟ. ಮನೆಯ ವಿಮೆ ಇದ್ದರೂ ಪ್ರವಾಹಕ್ಕೆ ಸಾಮಾನ್ಯವಾಗಿ ಅದರಲ್ಲಿ ದುಡ್ಡು ಸಿಗುವುದಿಲ್ಲ. ಮಾಡು ಹಾರಿ ಮಳೆ ಒಳಗೆ ಬಂದರೆ ಒಂದು ಲೆಕ್ಕ, ನೆಲದ ಮೇಲಿಂದ ನೀರು ಏರಿ ಒಳಗೆ ಬಂದರೆ ಇನ್ನೊಂದು ಲೆಕ್ಕ. ಪ್ರವಾಹಕ್ಕೆ ಬೇರೆಯೇ ಪಾಲಿಸಿ ಬೇಕು. ಇಲ್ಲಿನ ಕೇಂದ್ರ ಸರ್ಕಾರದ ಪ್ರವಾಹ ವಿಮೆ ಯೋಜನೆ 1968ರಿಂದ ಇದೆ, ಅದರಲ್ಲಿ ಮೊಬೈಲ್ ಹೋಮಿಗೂ ಸಿಗುತ್ತದೆ, ಆದರೆ ಮನೆ ಶಾಶ್ವತ ಅಡಿಪಾಯಕ್ಕೆ ಸರಿಯಾಗಿ ಬಿಗಿದಿರಬೇಕು. ಮತ್ತೊಂದು, ದುಡ್ಡು ಕಟ್ಟಿದ ಮಾರನೇ ದಿನದಿಂದ ಅದು ಶುರುವಾಗುವುದಿಲ್ಲ. ಸಾಮಾನ್ಯವಾಗಿ 30 ದಿನ ಕಾಯಬೇಕು. ಟಿವಿಯಲ್ಲಿ ಚಂಡಮಾರುತದ ನಕ್ಷೆ ನೋಡಿ ಓಡಿಹೋಗಿ ಮಾಡಿಸುತ್ತೇನೆ ಅಂದರೆ ಆಗದು. ಗಾಳಿಯ ವಿಮೆಗೂ ಅಷ್ಟೇ, ಚಂಡಮಾರುತ ಹತ್ತಿರ ಬಂತು ಅಂದರೆ ಕಂಪನಿಗಳು ಹೊಸ ಪಾಲಿಸಿ ಬರೆಯುವುದನ್ನೇ ನಿಲ್ಲಿಸುತ್ತವೆ.

2024ರಲ್ಲಿ ಇದು ಎಷ್ಟು ಜನರನ್ನು ಹೊಡೆಯಿತು ಅಂತ ಕಣ್ಣಾರೆ ನೋಡಿದ್ದೇನೆ. ಸೆಪ್ಟೆಂಬರ್ 26ಕ್ಕೆ ಹೆಲೀನ್ ಚಂಡಮಾರುತ ಬಂತು. ಅದು ದಡ ಮುಟ್ಟಿದ್ದು ಎಷ್ಟೋ ಮೈಲಿ ಉತ್ತರದಲ್ಲಿ, ಆದರೂ ಟ್ಯಾಂಪಾ ಕೊಲ್ಲಿಯ ಸುತ್ತ ಕಡಲಿನ ನೀರು ಉಕ್ಕಿ ಪಿನೆಲ್ಲಸ್ ಕೌಂಟಿಯ ತಗ್ಗಿನ ಪಾರ್ಕುಗಳಿಗೆ ನುಗ್ಗಿತು. ಹದಿಮೂರು ದಿನಕ್ಕೆ, ಅಕ್ಟೋಬರ್ 9ರ ರಾತ್ರಿ, ಮಿಲ್ಟನ್ ಬಂತು. ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಹದಿನೆಂಟು ಇಂಚಿಗಿಂತ ಜಾಸ್ತಿ ಮಳೆ. ನಮ್ಮ ದೇವಸ್ಥಾನದಲ್ಲಿ ಅಡುಗೆ ಮಾಡಿ ಡಬ್ಬಿಗೆ ತುಂಬಿ ಹಂಚಲು ಹೋಗಿದ್ದೆವು. ಒಬ್ಬ ಅಜ್ಜಿ ರಸ್ತೆ ಪಕ್ಕದಲ್ಲಿ ಒದ್ದೆ ಹಾಸಿಗೆ, ಊದಿಕೊಂಡ ಕಪಾಟು ಎಲ್ಲ ರಾಶಿ ಹಾಕಿ ಅದರ ಪಕ್ಕದಲ್ಲೇ ಕುರ್ಚಿ ಹಾಕಿ ಕೂತಿದ್ದರು. ಹದಿನೇಳು ವರ್ಷ ಮನೆಯ ವಿಮೆ ಕಟ್ಟಿದ್ದರಂತೆ, ಒಂದು ಕಂತೂ ತಪ್ಪಿಸಿಲ್ಲವಂತೆ. ಪ್ರವಾಹದ ವಿಮೆ ಬೇರೆ ಅಂತ ಯಾರೂ ಹೇಳಿರಲಿಲ್ಲ. ಅನ್ನ ಸಾರು ಕೈಗೆ ತಗೊಂಡು, ಇದು ಎಷ್ಟು ಬಿಸಿ ಇದೆ ಅಂತ ಅಷ್ಟೇ ಅಂದರು. ನಾನು ಅವರ ಮುಖ ಮರೆತಿಲ್ಲ.

ನಮ್ಮ ಕಥೆಗೆ ವಾಪಸ್ ಬರುತ್ತೇನೆ. 2022ರ ಸೆಪ್ಟೆಂಬರ್ 28ಕ್ಕೆ ಇಯನ್ ಚಂಡಮಾರುತ ಬಂದು ಹೋಯಿತು. ನಮ್ಮ ಮನೆಗೆ ಏನೂ ಆಗಲಿಲ್ಲ. ಆದರೂ ಮುಂದಿನ ವರ್ಷ ಕಂಪನಿಯಿಂದ ಪತ್ರ ಬಂತು. ಪಾಲಿಸಿ ನವೀಕರಿಸುವುದಿಲ್ಲ, ಕಾರಣ ಮನೆಯ ವಯಸ್ಸು ಮತ್ತು ಮಾಡಿನ ವಯಸ್ಸು. ಏಳು ವರ್ಷ ತಪ್ಪದೆ ದುಡ್ಡು ಕಟ್ಟಿದ್ದೆವು. ಆವತ್ತು ಯಜಮಾನರು ರಾತ್ರಿ ಊಟ ಮಾಡಲಿಲ್ಲ.

ಮೂರು ತಿಂಗಳಲ್ಲಿ ಹನ್ನೊಂದು ಏಜೆಂಟರಿಗೆ ಫೋನ್ ಮಾಡಿದೆ. ಒಬ್ಬೊಬ್ಬರು ಒಂದೊಂದು ಕೇಳಿದರು. ಮಾಡು ಹಾಕಿಸಿ ಎಷ್ಟು ವರ್ಷವಾಯಿತು, ರಸೀದಿ ಇದೆಯಾ. ನೀರಿನ ಪೈಪು ಯಾವುದು, ಬೂದು ಬಣ್ಣದ ಪ್ಲಾಸ್ಟಿಕ್ಕಿನದಾ? 1978ರಿಂದ 1995ರವರೆಗೆ ಹಾಕುತ್ತಿದ್ದ ಪಾಲಿಬ್ಯೂಟಿಲೀನ್ ಪೈಪು ಕಾಲ ಕಳೆದಂತೆ ಬಿರುಕು ಬಿಡುತ್ತದೆ, ಅದಿದ್ದರೆ ತುಂಬಾ ಕಂಪನಿಯವರು ಬೇಡ ಅನ್ನುತ್ತಾರೆ. ವೈರಿಂಗ್ ತಾಮ್ರದ್ದಾ ಅಲ್ಯುಮಿನಿಯಂದಾ. ಬಿಸಿನೀರಿನ ಟ್ಯಾಂಕು ಯಾವಾಗಿನದು. ಮೆಟ್ಟಿಲಿಗೆ ಕೈಹಿಡಿ ಇದೆಯಾ. ಮನೆಯ ಕೆಳಗಿನ ಖಾಲಿ ಜಾಗವನ್ನು ಸುತ್ತಲೂ ಮುಚ್ಚುವ ಸ್ಕರ್ಟಿಂಗ್ ಪೂರ್ತಿ ಇದೆಯಾ. ನಾಯಿ ಇದೆಯಾ, ಯಾವ ಜಾತಿ. ವರ್ಷದಲ್ಲಿ ಎಷ್ಟು ತಿಂಗಳು ಮನೆ ಖಾಲಿ ಇರುತ್ತದೆ. ಕೊನೆಯದು ನಮ್ಮಂಥವರಿಗೆ ದೊಡ್ಡ ಪ್ರಶ್ನೆ. ನಾವು ಊರಿಗೆ ಹೋದರೆ ಎರಡು ತಿಂಗಳು ಬರುವುದಿಲ್ಲ, ಅಲ್ವಾ. ಪಾಲಿಸಿಯಲ್ಲಿ ಇಷ್ಟು ದಿನ ಖಾಲಿ ಇದ್ದರೆ ಕೆಲವು ನಷ್ಟಕ್ಕೆ ದುಡ್ಡಿಲ್ಲ ಅಂತ ಬರೆದಿರಬಹುದು. ಟಿಕೆಟ್ ಮಾಡಿಸುವ ಮೊದಲು ಆ ಸಾಲನ್ನು ಹುಡುಕಿ ಓದಿ.

ಎಲ್ಲದಕ್ಕಿಂತ ಕಷ್ಟ ಆದದ್ದು ಆ ಕೆಂಪು ತಗಡು. ಅದರ ಫೋಟೋ ಬೇಕು ಅಂದರು. ಹಿಂದಿನ ಮಾಲೀಕರು ಹೊರಗೋಡೆಗೆಲ್ಲ ಹೊಸ ವಿನೈಲ್ ಪ್ಲಾಸ್ಟಿಕ್ ಹೊದಿಸಿದ್ದರು, ತಗಡು ಅದರ ಅಡಿಯಲ್ಲಿ ಮುಚ್ಚಿಹೋಗಿತ್ತೋ ಕಿತ್ತು ಬಿಸಾಡಿದ್ದರೋ ಗೊತ್ತಿಲ್ಲ. ಒಳಗಿನ ಕಾಗದದ ಮೇಲೆ ಯಾರೋ ಬಣ್ಣ ಬಳಿದಿದ್ದರು. ಆಗ ಒಬ್ಬ ಏಜೆಂಟ್ ಹೇಳಿದ್ದು ಕೇಳಿ ನನಗೆ ಮೈ ಉರಿಯಿತು. 'ಫಾರ್ಮಿನಲ್ಲಿ 1995 ಅಂತ ಬರೆಯೋಣ, ಯಾರು ಬಂದು ನೋಡುತ್ತಾರೆ, ಪ್ರೀಮಿಯಂ ಕೂಡ ಕಡಿಮೆ ಆಗುತ್ತದೆ' ಅಂದ. ನಾನು ಫೋನ್ ಇಟ್ಟುಬಿಟ್ಟೆ. ಹಾಗೆ ಬರೆದರೆ ಪಾಲಿಸಿ ಸಿಗುತ್ತದೆ ನಿಜ. ಆದರೆ ಕ್ಲೇಮು ಹಾಕಿದ ದಿನ ಅವರು ಟೈಟಲ್ ತೆಗೆದು ನೋಡುತ್ತಾರೆ, ಇಸವಿ ಸುಳ್ಳು ಅಂತ ಗೊತ್ತಾದರೆ ಪಾಲಿಸಿಯೇ ರದ್ದಾಗಬಹುದು. ಆಗ ನಷ್ಟಕ್ಕೆ ಒಂದು ಪೈಸೆಯೂ ಬರುವುದಿಲ್ಲ. ಅವತ್ತು ಆ ಏಜೆಂಟ್ ನಮ್ಮ ಪಕ್ಕ ನಿಲ್ಲುವುದಿಲ್ಲ, ಸಹಿ ಹಾಕಿದವರು ನಾವು.

ತಗಡು ಕಳೆದುಹೋದರೆ ಹೊಸದು ಕೊಡುವುದಿಲ್ಲ. ಅದಕ್ಕೆ ಬದಲಾಗಿ ಒಂದು ದೃಢೀಕರಣ ಪತ್ರ ಸಿಗುತ್ತದೆ. ಹಡ್ ಪರವಾಗಿ ಆ ದಾಖಲೆ ಇಟ್ಟುಕೊಂಡಿರುವ ಸಂಸ್ಥೆಯ ಹೆಸರು ಐಬಿಟಿಎಸ್. ಮನೆಯ ಚೌಕಟ್ಟಿನ ಮೇಲೆ ಕೊರೆದ ಸೀರಿಯಲ್ ನಂಬರ್, ತಯಾರಕರ ಹೆಸರು ಕೊಟ್ಟು, ಶುಲ್ಕ ಕಟ್ಟಿದರೆ ಹಳೇ ಕಡತ ಹುಡುಕಿ ಪತ್ರ ಕಳಿಸುತ್ತಾರೆ. ನಮ್ಮ ಯಜಮಾನರು ಟಾರ್ಚ್ ಹಿಡಿದು ಸ್ಕರ್ಟಿಂಗ್ ಬಿಚ್ಚಿ ಮನೆಯ ಅಡಿಗೆ ತೆವಳಿ ಹೋಗಿ, ತುಕ್ಕು ಉಜ್ಜಿ ನಂಬರ್ ಓದಿದರು, ನಾನು ಹೊರಗೆ ಕೂತು ಬರೆದುಕೊಂಡೆ. ಎರಡು ತುಂಡಿಗೂ ಪತ್ರ ಬಂತು. ಆ ಎರಡು ಹಾಳೆ ಕೈಯಲ್ಲಿದ್ದ ಮೇಲೆ ಏಜೆಂಟರು ಮಾತಾಡುವ ರೀತಿಯೇ ಬದಲಾಯಿತು. 1976ಕ್ಕಿಂತ ಹಿಂದಿನ ಮನೆಗೆ ಈ ದಾರಿ ಇಲ್ಲ, ಯಾಕೆಂದರೆ ಅದಕ್ಕೆ ಆ ತಗಡೇ ಇರಲಿಲ್ಲ.

ಅಡಿಗೆ ಹೋದಾಗಲೇ ಇನ್ನೊಂದು ಕಂಡಿತು. ಆಂಕರ್ ಪಟ್ಟಿಗಳಲ್ಲಿ ನಾಲ್ಕು ಸಡಿಲ ಆಗಿದ್ದವು, ಎರಡು ತುಕ್ಕು ಹಿಡಿದು ಕೈಯಲ್ಲೇ ಮುರಿಯುವ ಹಾಗಿದ್ದವು. ಮನೆಯನ್ನು ನೆಲಕ್ಕೆ ಹಿಡಿದುಕೊಂಡಿರುವುದೇ ಅವು. ಲೈಸೆನ್ಸ್ ಇರುವವರನ್ನು ಕರೆಸಿ ಹೊಸದು ಹಾಕಿಸಿದೆವು, ಕೆಲಸದ ಮೊದಲು ಮತ್ತು ನಂತರ ಫೋಟೋ ತೆಗೆದೆವು, ರಸೀದಿ ಇಟ್ಟುಕೊಂಡೆವು. ಮಾಡಿಗೂ ಹೊಸ ಹೊದಿಕೆ ಹಾಕಿಸಿದೆವು. ಕೈಯಿಂದ ಬಹಳ ಹೋಯಿತು, ಮಗಳ ಮದುವೆಗೆ ಇಟ್ಟದ್ದರಲ್ಲಿ ಸ್ವಲ್ಪ ಮುರಿದೆವು. ಹನ್ನೊಂದನೆಯ ಏಜೆಂಟ್ ಒಬ್ಬ ಹೆಂಗಸು, ಆಕೆ ಎಲ್ಲ ಫೋಟೋಗಳನ್ನು ಒಂದು ಕಡತ ಮಾಡಿ ಕಂಪನಿಗೆ ಕಳಿಸಿದಳು. ಪಾಲಿಸಿ ಸಿಕ್ಕಿತು. ಪ್ರೀಮಿಯಂ ಮೊದಲಿನದಕ್ಕಿಂತ ಎರಡು ಪಟ್ಟು. ಆದರೂ ಆವತ್ತು ರಾತ್ರಿ ನಾವಿಬ್ಬರೂ ನಿದ್ದೆ ಮಾಡಿದೆವು.

ಖಾಸಗಿ ಕಂಪನಿ ಯಾರೂ ಕೊಡದಿದ್ದರೆ ಫ್ಲೋರಿಡಾದಲ್ಲಿ ಸಿಟಿಜನ್ಸ್ ಅಂತ ಒಂದು ವಿಮೆ ಸಂಸ್ಥೆ ಇದೆ, 2002ರಲ್ಲಿ ರಾಜ್ಯವೇ ಮಾಡಿದ್ದು. ಬೇರೆಡೆ ವಿಮೆ ಸಿಗದವರು ಅಲ್ಲಿ ಅರ್ಜಿ ಹಾಕಬಹುದು. ಆದರೆ ಅವರೂ ಮನೆಯ ಸ್ಥಿತಿ ನೋಡಿಯೇ ಕೊಡುವುದು. ಸಾಲ ಮಾಡಿ ಮನೆ ಕೊಂಡವರಿಗೆ ಇನ್ನೊಂದು ಅಪಾಯ ಇದೆ. ವಿಮೆ ತಪ್ಪಿದರೆ ಸಾಲ ಕೊಟ್ಟವರೇ ಒಂದು ವಿಮೆ ಮಾಡಿಸಿ ನಮ್ಮ ಲೆಕ್ಕಕ್ಕೆ ಹಾಕುತ್ತಾರೆ. ಅದು ಬಹಳ ದುಬಾರಿ, ಕಾಯುವುದು ಅವರ ಸಾಲವನ್ನು, ನಮ್ಮ ಸಾಮಾನನ್ನಲ್ಲ.

ನಮ್ಮ ಹುಡುಗನಿಗೆ ಈಗ ಸಿಕ್ಕಿರುವುದು ಏನು ಅಂದರೆ, ಬೆಂಕಿಗೆ ಮತ್ತು ಬೇರೆಯವರಿಗೆ ಆಗುವ ಹಾನಿಗೆ ಮಾತ್ರ ಒಂದು ಪಾಲಿಸಿ, ಅದೂ 15,000 ಡಾಲರ್ ಮಿತಿ. ಗಾಳಿಗೆ ಇಲ್ಲ. ಫ್ಲೋರಿಡಾದಲ್ಲಿ ಗಾಳಿಗೆ ಇಲ್ಲದ ವಿಮೆ ಅಂದರೆ ಆಗುಂಬೆಯಲ್ಲಿ ಮಳೆಗಾಲಕ್ಕೆ ಕೊಡೆ ಇಲ್ಲದೆ ಹೊರಟ ಹಾಗೆ. ಮಾರಿಬಿಡೋಣ ಅಂದರೆ ಕೊಳ್ಳುವವರು ಇಲ್ಲ. ಎಳೆದುಕೊಂಡು ಬೇರೆ ಕಡೆ ಇಡೋಣ ಅಂದರೆ ಅಷ್ಟು ಹಳೇ ಮನೆಯನ್ನು ಸೇರಿಸಿಕೊಳ್ಳುವ ಪಾರ್ಕ್ ಸಿಗುವುದು ಕಷ್ಟ, ಎಳೆಯುವ ಖರ್ಚೇ ಸಾವಿರಾರು ಡಾಲರ್. ಅವನದು ತಪ್ಪು ಅಂತ ನಾನು ಹೇಳುವುದಿಲ್ಲ. ಇಪ್ಪತ್ತಾರು ವರ್ಷದ ಹುಡುಗ, ತಾಯಿಗೆ ಭಾರ ಆಗಬಾರದು ಅಂತ ಮಾಡಿದ ಕೆಲಸ. ಅವನಿಗೆ ಹೇಳುವವರು ಯಾರೂ ಇರಲಿಲ್ಲ, ನನ್ನನ್ನು ಕೇಳಿದ್ದು ದುಡ್ಡು ಕೊಟ್ಟ ಮೇಲೆ.

ಇದನ್ನು ನಿಮ್ಮ ಪತ್ರಿಕೆಗೆ ಯಾಕೆ ಬರೆಯುತ್ತಿದ್ದೇನೆ ಅಂದರೆ, ಇಲ್ಲಿನ ಮಕ್ಕಳು ದುಡ್ಡಿನ ವಿಷಯ ಮೊದಲು ಹೇಳುವುದು ಊರಿನ ಅಪ್ಪ ಅಮ್ಮನಿಗೆ. ಎಷ್ಟೋ ಸಲ ಮುಂಗಡದ ದುಡ್ಡು ಹೋಗುವುದೂ ಊರಿನಿಂದಲೇ, ತೋಟದ ಮೇಲೆ ಸಾಲ ತೆಗೆದು ಕಳಿಸಿದವರನ್ನು ನೋಡಿದ್ದೇನೆ. ಅಪ್ಪ ಅಮ್ಮಂದಿರೇ, ಮಗನೋ ಮಗಳೋ ಕಡಿಮೆ ಬೆಲೆಗೆ ಮನೆ ಸಿಕ್ಕಿತು ಅಂದರೆ ದಯವಿಟ್ಟು ಎರಡು ಮಾತು ಕೇಳಿ. ಅದು ಯಾವ ಇಸವಿಯದು? ವಿಮೆ ಕಂಪನಿಯವರು ಕೊಡುತ್ತೇವೆ ಅಂತ ಬರೆದು ಕೊಟ್ಟಿದ್ದಾರಾ? ಬಾಯಿಮಾತು ಬೇಡ, ಆ ಮನೆಯ ನಂಬರ್ ಹಾಕಿ, ಗಾಳಿಯೂ ಸೇರಿ, ಎಷ್ಟು ಪ್ರೀಮಿಯಂ ಅಂತ ಬರೆದ ಕಾಗದ ಬೇಕು. ಅದು ಕೈಗೆ ಬಂದ ಮೇಲೆ ದುಡ್ಡು ಕಳಿಸಿ. ಕರಾರು ಪತ್ರದಲ್ಲೇ 'ವಿಮೆ ಸಿಗದಿದ್ದರೆ ಮುಂಗಡ ವಾಪಸ್' ಅಂತ ಒಂದು ಸಾಲು ಬರೆಸಿಕೊಳ್ಳಬಹುದು. ಪ್ರಾಮಾಣಿಕವಾಗಿ ಮಾರುವವರು ಅದಕ್ಕೆ ಬೇಡ ಅನ್ನುವುದಿಲ್ಲ.

ಇನ್ನೊಂದು ವಿಷಯ ಹೇಳಲೇಬೇಕು. ಇಲ್ಲಿ ಇಷ್ಟು ಒದ್ದಾಡಿದ ಮೇಲೆ ನನಗೆ ಊರಿನ ನಮ್ಮ ಹಂಚಿನ ಮನೆ ನೆನಪಾಯಿತು. ಅಪ್ಪ ಕಟ್ಟಿಸಿದ ಮನೆ, ಈಗ ತಂಗಿಯವರು ನೋಡಿಕೊಳ್ಳುತ್ತಾರೆ. ಅದಕ್ಕೆ ಇವತ್ತಿನವರೆಗೂ ಒಂದು ರೂಪಾಯಿಯ ವಿಮೆ ಇಲ್ಲ. ಬೈಕಿಗೆ ಇದೆ, ಕಾರಿಗೆ ಇದೆ, ಮನೆಗೆ ಇಲ್ಲ. ನಮ್ಮ ಬೀದಿಯಲ್ಲಿ ಯಾರ ಮನೆಗೂ ಇಲ್ಲ ಅಂತ ತಂಗಿ ಹೇಳಿದಳು. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡ ಜರಿದು ಮಕ್ಕಂದೂರು, ಜೋಡುಪಾಲದ ಕಡೆ ಮನೆಗಳು ಹೋದ ಚಿತ್ರಗಳನ್ನು ನಿಮ್ಮ ಪತ್ರಿಕೆಯಲ್ಲೇ ನೋಡಿದ್ದೆ. ಆಗಲೂ ನಮಗೆ ಹೊಳೆಯಲಿಲ್ಲ.

ನಮ್ಮ ದೇಶದಲ್ಲಿ 2021ರ ಏಪ್ರಿಲ್ 1ರಿಂದ 'ಭಾರತ್ ಗೃಹ ರಕ್ಷಾ' ಅನ್ನುವ ಪಾಲಿಸಿ ಇದೆ. ವಿಮೆಯ ನಿಯಂತ್ರಣ ಪ್ರಾಧಿಕಾರ ಮಾಡಿದ ನಿಯಮ, ಬೆಂಕಿ ವಿಮೆ ಮಾಡುವ ಕಂಪನಿಗಳೆಲ್ಲ ಇದನ್ನು ಕೊಡಬೇಕು. ನಾನು ಅದರ ಷರತ್ತುಗಳನ್ನು ಇಲ್ಲಿ ಕೂತು ಓದಿದೆ. ಬೆಂಕಿ, ಸಿಡಿಲು, ಬಿರುಗಾಳಿ, ಪ್ರವಾಹ, ಭೂಕುಸಿತ, ಭೂಕಂಪ ಎಲ್ಲ ಒಂದೇ ಪಾಲಿಸಿಯಲ್ಲಿ ಇವೆ. ಇಲ್ಲಿ ನಾವು ಪ್ರವಾಹಕ್ಕೊಂದು, ಗಾಳಿಗೊಂದು ಅಂತ ಅಲೆಯುತ್ತೇವೆ. ಅಲ್ಲಿ ಎಲ್ಲ ಸೇರಿಸಿ ಕೊಡುತ್ತಾರೆ. ಕಟ್ಟಡವನ್ನು ಮತ್ತೆ ಕಟ್ಟಲು ಆಗುವ ಖರ್ಚಿನ ಲೆಕ್ಕದಲ್ಲಿ ವಿಮೆ, ಮನೆಯೊಳಗಿನ ಸಾಮಾನಿಗೆ ಕಟ್ಟಡದ ಮೊತ್ತದ ಶೇಕಡಾ 20, ಹತ್ತು ಲಕ್ಷ ರೂಪಾಯಿಯ ಮಿತಿಯೊಳಗೆ, ತಾನಾಗಿಯೇ ಸೇರುತ್ತದೆ. ಹತ್ತು ವರ್ಷದವರೆಗೆ ಒಟ್ಟಿಗೇ ಮಾಡಿಸಬಹುದು. ಇಷ್ಟು ಒಳ್ಳೆಯದು ಇದ್ದೂ ಜನಕ್ಕೆ ಗೊತ್ತಿಲ್ಲ. ಸಂಪಾದಕರೇ, ಮಳೆಗಾಲ ಶುರುವಾಗುವ ಮೊದಲು ಪ್ರತಿ ವರ್ಷ ಇದರ ಬಗ್ಗೆ ಒಂದು ಪುಟ ಕೊಡಿ. ಹೇಗೆ ಮಾಡಿಸುವುದು, ಯಾವ ಕಾಗದ ಬೇಕು, ಕ್ಲೇಮಿಗೆ ಯಾವ ಫೋಟೋ ಇಟ್ಟುಕೊಳ್ಳಬೇಕು ಅಂತ ಸರಳವಾಗಿ ಬರೆಸಿ. ಇದು ನನ್ನ ಕೈಮುಗಿದ ಕೋರಿಕೆ.

ಬರುವ ಶನಿವಾರ ನಾನೂ ಯಜಮಾನರೂ ಒಕಾಲಾಗೆ ಹೋಗುತ್ತಿದ್ದೇವೆ. ಆಂಕರ್ ಹಾಕುವವರು ಬೆಳಿಗ್ಗೆ ಒಂಬತ್ತಕ್ಕೆ ಬರುತ್ತೇವೆ ಅಂದಿದ್ದಾರೆ. ವಿಮೆ ಇಲ್ಲದಿದ್ದರೂ ಮನೆಯಾದರೂ ನೆಲಕ್ಕೆ ಗಟ್ಟಿಯಾಗಿ ನಿಲ್ಲಲಿ ಅಂತ. ಹುಡುಗನಿಗೆ ಇಷ್ಟ ಅಂತ ಚಟ್ಟಂಬಡೆ ಮಾಡಿ ತಗೊಂಡು ಹೋಗುತ್ತೇನೆ. ತಂಗಿಗೂ ಫೋನ್ ಮಾಡಿ ಹೇಳಿದ್ದೇನೆ, ಊರಿನ ಮನೆಯ ಖಾತೆ ಪತ್ರ, ಕಂದಾಯದ ರಸೀದಿ ಹುಡುಕಿ ಇಟ್ಟಿರು, ದೀಪಾವಳಿಗೆ ಬಂದಾಗ ಇಬ್ಬರೂ ಹೋಗಿ ವಿಮೆ ಮಾಡಿಸಿಕೊಂಡು ಬರೋಣ ಅಂತ.

ಇಂತಿ ನಿಮ್ಮ ಹಳೆಯ ಓದುಗಿ,
ತೀರ್ಥಹಳ್ಳಿಯವಳು, ಈಗ ಫ್ಲೋರಿಡಾದ ಪೋಕ್ ಕೌಂಟಿಯಿಂದ